ಡರ್ಟ್ ರ‍್ಯಾಲಿ 2.0: ಮೊದಲು ಕಿವಿ, ಆಮೇಲೆ ಸ್ಪೀಡು

2019ರಲ್ಲಿ ಬಂದ ಈ ರ‍್ಯಾಲಿ ಕಾರ್ ರೇಸ್ ವಿಡಿಯೋ ಗೇಮ್‌ನ ಎರಡನೇ ಭಾಗದಲ್ಲಿ ರಿವೈಂಡ್ (ತಪ್ಪಾದರೆ ಹಿಂದಕ್ಕೆ ಹೋಗಿ ಸರಿಮಾಡಿಕೊಳ್ಳುವ ಸೌಲಭ್ಯ) ಇಲ್ಲ, ಹಾಗಾಗಿ ಶುರುವಿನಲ್ಲೇ ಗ್ರೂಪ್ ಬಿ (80ರ ದಶಕದ ಭಾರಿ ಪವರ್‌ನ ರ‍್ಯಾಲಿ ಕಾರುಗಳು) ಕಾರಿಗೆ ಕೈ ಹಾಕಬೇಡಿ. ಲ್ಯಾನ್ಸಿಯಾ ಫುಲ್ವಿಯಾ ತರಹದ ಕಡಿಮೆ ಪವರ್‌ನ ಫ್ರಂಟ್ ವೀಲ್ ಡ್ರೈವ್ (ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ) ಕಾರು ತಗೊಳ್ಳಿ. ಸಪ್ಪೆ ಅನಿಸಬಹುದು, ಆದರೆ ಕಲಿಸುವುದು ಅದೇ.

ಪಕ್ಕದಲ್ಲಿ ಕೂತು ಮುಂದಿನ ದಾರಿ ಹೇಳುವ ಕೋ-ಡ್ರೈವರ್‌ನ ಅಂಕಿಗಳೇ ಇಲ್ಲಿ ಎಲ್ಲಾ. 1 ಅಂದರೆ ತುಂಬಾ ಬಿಗಿಯಾದ ತಿರುವು, 6 ಅಂದರೆ ಹೆಚ್ಚುಕಡಿಮೆ ನೇರ ದಾರಿ, ಹೇರ್‌ಪಿನ್ (ಯು-ಟರ್ನ್ ತರಹದ ತಿರುವು) ಬಂದರಂತೂ ಹ್ಯಾಂಡ್‌ಬ್ರೇಕ್ ಬೇಕೇ ಬೇಕು. ಒಂದು ತಿರುವು ತಗೊಳ್ಳುವಾಗಲೇ ಅವನು ಮುಂದಿನದನ್ನು ಹೇಳಿರುತ್ತಾನೆ, ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಓಡಿಸಬೇಕು.

ಬ್ರೇಕನ್ನು ಆದಷ್ಟು ನೇರ ದಾರಿಯಲ್ಲೇ ಮುಗಿಸಿ. ಬೇರೆ ಕಾರುಗಳೆಲ್ಲ ಹೋದ ಮೇಲೆ ಹೊರಟರೆ ಮಣ್ಣಿನ ರಸ್ತೆ ಆಗಲೇ ಕಿತ್ತುಹೋಗಿರುತ್ತದೆ (ಈ ಭಾಗದ ಹೊಸ ತರಲೆ), ಅಲ್ಲಿ ಸ್ಟೀರಿಂಗ್ ಜೊತೆ ಸುಮ್ನೆ ಗುದ್ದಾಡಬೇಡಿ. ಸ್ಪೇನ್‌ನ ಡಾಂಬರಿನಲ್ಲಿ ಮಾತ್ರ ಜಾರಿಸಿದರೆ ಟೈಮ್ ಹೋಗುತ್ತದೆ.