ಪೀಣ್ಯದ ತಪಾಸಣೆ ಮೇಜಿನಿಂದ ಸಾಫ್ಟ್‌ವೇರ್‌ಗೆ

ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವರಿಗೆ ಸಾಫ್ಟ್‌ವೇರ್ ಕೆಲಸ ಸಿಗುತ್ತದೆಯೇ ಎಂದು ಹಳೆಯ ಸಹೋದ್ಯೋಗಿಗಳು ಆಗಾಗ ಕೇಳುತ್ತಾರೆ. ಸಿಗುತ್ತದೆ, ಆದರೆ ತರಬೇತಿ ಕೇಂದ್ರದ ಜಾಹೀರಾತಿನಲ್ಲಿ ಕಾಣುವ ದಾರಿಯಿಂದ ನನಗಂತೂ ಸಿಗಲಿಲ್ಲ.

ನಾನು ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ವರ್ನಿಯರ್, ಮೈಕ್ರೋಮೀಟರ್, ಗೋ–ನೋಗೋ ಗೇಜ್ ಹಿಡಿದು ಶಾಫ್ಟ್‌ಗಳನ್ನು ಅಳೆಯುವುದು, ಅಳತೆ ಮೀರಿದವನ್ನು ಬೇರೆ ತೆಗೆದಿಡುವುದು, ರಿಜೆಕ್ಷನ್ ರಿಜಿಸ್ಟರ್ ಬರೆಯುವುದು ನನ್ನ ಪಾಲಿನ ಕೆಲಸ. ಕೆಲಸದ ಬಗ್ಗೆ ನನಗೆ ಬೇಸರವಿರಲಿಲ್ಲ, ಸಂಬಳದ ಬಗ್ಗೆ ಇತ್ತು. ತುಮಕೂರಿನಿಂದ ದಿನವೂ ರೈಲಿನಲ್ಲಿ ಓಡಾಡುವವನಿಗೆ ಉಳಿದಿದ್ದು ಶನಿವಾರ ಮತ್ತು ಭಾನುವಾರ. ಹಾಗಾಗಿ ಕೆಲಸ ಬಿಡದೆ, ವಾರಾಂತ್ಯದ ಜಾವಾ ಫುಲ್ ಸ್ಟ್ಯಾಕ್ (ವೆಬ್ ಸಾಫ್ಟ್‌ವೇರ್‌ನ ಪರದೆಯ ಭಾಗ, ಹಿಂದಿನ ಭಾಗ ಎರಡನ್ನೂ ಕಲಿಸುವ) ಕೋರ್ಸ್‌ಗೆ ಸೇರಿದೆ.

ಸೇರುವ ಮೊದಲು ಹಲವು ಕೇಂದ್ರಗಳ ಒಪ್ಪಂದ ಪತ್ರಗಳನ್ನು ಓದಿದೆ. ಸಹಿ ಹಾಕುವ ಮುನ್ನ ಡ್ರಾಯಿಂಗ್ ಓದುವ ಅಭ್ಯಾಸ ಅಲ್ಲಿ ಕೈಹಿಡಿಯಿತು. ‘ಕೆಲಸ ಸಿಕ್ಕ ಮೇಲೆ ಹಣ ಕಟ್ಟಿ’ ಎನ್ನುವ ಒಂದು ಕಡೆ, ಪತ್ರದ ಒಳಪುಟದಲ್ಲಿ ಅದು ಫೈನಾನ್ಸ್ ಕಂಪನಿಯ ಸಾಲವಾಗಿತ್ತು. ಕೆಲಸ ಸಿಗಲಿ ಬಿಡಲಿ, ಕಂತು ಶುರು. ಇನ್ನೊಂದು ಕಡೆ ‘ಕೆಲಸ’ ಎಂದರೆ ಕಾಲ್ ಸೆಂಟರ್ ಕೆಲಸವೂ ಸೇರಿತ್ತು. ಮೂಲ ಅಂಕಪಟ್ಟಿಯನ್ನು ಒತ್ತೆ ಕೇಳಿದವರೂ ಇದ್ದರು. ಅಲ್ಲಿಂದ ಮಾತಾಡದೆ ಎದ್ದು ಬಂದೆ. ಕೊನೆಗೆ ಪ್ಲೇಸ್‌ಮೆಂಟ್ ಭರವಸೆಯನ್ನೇ ಕೊಡದ, ಶುಲ್ಕ ಕಡಿಮೆ ಇದ್ದ ಕೇಂದ್ರವನ್ನು ಆರಿಸಿಕೊಂಡೆ.

ಪಾಠ ಚೆನ್ನಾಗಿತ್ತು. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಜಾವಾ, ಎಸ್‌ಕ್ಯೂಎಲ್, ಸ್ಪ್ರಿಂಗ್ ಬೂಟ್, ರಿಯಾಕ್ಟ್, ಗಿಟ್: ಎಲ್ಲರೂ ಕಲಿಸುವುದು ಹೆಚ್ಚುಕಡಿಮೆ ಇದನ್ನೇ. ಕೊನೆಯ ಪ್ರಾಜೆಕ್ಟ್ ಬಂದಾಗ ತರಗತಿಯಲ್ಲಿ ಬಹುತೇಕರು ಆನ್‌ಲೈನ್ ಅಂಗಡಿ ಮಾಡಿದರು, ಒಂದಿಬ್ಬರು ಗ್ರಂಥಾಲಯ ನಿರ್ವಹಣೆ. ನಾನು ನನ್ನ ರಿಜೆಕ್ಷನ್ ರಿಜಿಸ್ಟರ್ ಅನ್ನೇ ಎತ್ತಿಕೊಂಡೆ. ಕಲಿತದ್ದು ನಿಜವಾಗಿ ಒಳಗೆ ಇಳಿದದ್ದು ಅಲ್ಲಿ.

ಮೊದಲ ದಿನವೇ ಪ್ರೋಗ್ರಾಂ ಒಂದು ಒಳ್ಳೆಯ ಭಾಗವನ್ನು ರಿಜೆಕ್ಟ್ ಮಾಡಿತು. ಎರಡು ಬದಿಯ ವ್ಯತ್ಯಾಸ 0.1 ಮತ್ತು 0.2 ಮಿ.ಮೀ., ಒಟ್ಟು 0.3 ಮೀರಬಾರದು. ಮೇಜಿನ ಮೇಲೆ ಅದು ಪಾಸ್. ಜಾವಾಸ್ಕ್ರಿಪ್ಟ್ ಪ್ರಕಾರ ಮೊತ್ತ 0.30000000000000004. ಕಂಪ್ಯೂಟರ್ ಭಿನ್ನರಾಶಿಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ 0.1 ಅದಕ್ಕೆ ಪೂರ್ತಿಯಾಗಿ ಬರೆಯಲಾಗದ ಸಂಖ್ಯೆ. ಜಾವಾದಲ್ಲಿ ದಶಮಾಂಶ ಸಂಖ್ಯೆ ಇಡುವ ‘ಡಬಲ್’ ಎಂಬ ಬಗೆಯಲ್ಲೂ ಇದೇ ಕಥೆ. ಅಳತೆಗಳನ್ನೆಲ್ಲ ಮಿ.ಮೀ. ಬದಲು ಮೈಕ್ರಾನ್‌ಗಳಲ್ಲಿ, ಪೂರ್ಣಾಂಕವಾಗಿ ಇಟ್ಟೆ. 100 ಮತ್ತು 200 ಸೇರಿ 300, ಚರ್ಚೆಯೇ ಇಲ್ಲ. ಹಣದ ಲೆಕ್ಕದ ಪ್ರೋಗ್ರಾಂ ಬರೆಯುವವರು ಮೊತ್ತವನ್ನು ಪೈಸೆಯಲ್ಲಿ ಇಡುವುದೂ ಇದೇ ಕಾರಣಕ್ಕೆ ಎಂದು ಆಮೇಲೆ ತಿಳಿಯಿತು.

ಎರಡನೆಯ ತೊಡಕು ರಾತ್ರಿ ಪಾಳಿ. ರಾತ್ರಿ 10ಕ್ಕೆ ಶುರುವಾಗಿ ಬೆಳಗ್ಗೆ 6ಕ್ಕೆ ಮುಗಿಯುತ್ತದೆ. 14ನೇ ತಾರೀಖಿನ ರಾತ್ರಿ ಪಾಳಿಯಲ್ಲಿ, ನಡುರಾತ್ರಿ ದಾಟಿ 2 ಗಂಟೆಗೆ ಸಿಕ್ಕ ದೋಷ ಗಡಿಯಾರದ ಪ್ರಕಾರ 15ರದ್ದು, ರಿಜಿಸ್ಟರ್ ಪ್ರಕಾರ 14ರದ್ದು. ಕಾರ್ಖಾನೆಯ ದಿನ ಹುಟ್ಟುವುದು ಬೆಳಗ್ಗೆ 6ಕ್ಕೆ. ಸಮಯದಿಂದ ಆರು ಗಂಟೆ ಕಳೆದು ಬರುವ ತಾರೀಖನ್ನು ‘ಪಾಳಿ ದಿನ’ ಎಂದು ಪ್ರತ್ಯೇಕ ಕಾಲಂನಲ್ಲಿ ಇಟ್ಟೆ; ನಿಜವಾದ ಸಮಯವನ್ನೂ ಅಳಿಸಲಿಲ್ಲ. ಇದನ್ನು ಯಾವ ಪಾಠವೂ ಹೇಳಿರಲಿಲ್ಲ, ಹೇಳುವುದು ಸಾಧ್ಯವೂ ಇರಲಿಲ್ಲ. ನಮ್ಮ ತರಬೇತುದಾರರು ರಾತ್ರಿ ಪಾಳಿ ಮಾಡಿದವರಲ್ಲ.

ಮೂರನೆಯದು ಇನ್ನೂ ಸೂಕ್ಷ್ಮ. ಪಾಳಿಗಳ ಟೇಬಲ್ ಮತ್ತು ದೋಷಗಳ ಟೇಬಲ್ ಅನ್ನು ಇನ್ನರ್ ಜಾಯಿನ್ ಮಾಡಿ (ಎರಡರಲ್ಲೂ ಜೋಡಿ ಇರುವ ಸಾಲುಗಳನ್ನು ಮಾತ್ರ ಸೇರಿಸಿ) ವರದಿ ತೆಗೆದರೆ, ಒಂದೂ ದೋಷವಿಲ್ಲದ ಪಾಳಿ ವರದಿಯಿಂದಲೇ ಮಾಯವಾಗುತ್ತದೆ. ಚೆನ್ನಾಗಿ ದುಡಿದ ಪಾಳಿ, ಕೆಲಸಕ್ಕೇ ಬಾರದ ಪಾಳಿಯಂತೆ ಕಾಣುತ್ತದೆ. ಜೋಡಿ ಇಲ್ಲದ ಪಾಳಿಯನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್ ಹಾಕಿದೆ. ಆಗ ಆ ಪಾಳಿಗೆ ಒಂದು ದೋಷ ಎಂದು ಬಂತು! ಸಾಲುಗಳನ್ನು ಎಣಿಸುವ ಕೌಂಟ್ ಸ್ಟಾರ್, COUNT(*), ಜೋಡಿ ಸಿಗದ ಸಾಲನ್ನೂ ಒಂದು ಎಂದೇ ಎಣಿಸುತ್ತದೆ. ದೋಷದ ಐಡಿ ಕಾಲಂ ಅನ್ನು ಎಣಿಸಿದರೆ ಮಾತ್ರ ಸೊನ್ನೆ. ಶಾಪ್‌ನಲ್ಲಿ, ಅಂದರೆ ಕಾರ್ಖಾನೆಯೊಳಗೆ, ಇಂಥ ವರದಿ ಹೋಗಿದ್ದರೆ ಆ ಪಾಳಿಯ ಆಪರೇಟರ್‌ಗಳು ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಅರ್ಜಿಗಳ ಕಥೆ ಚಿಕ್ಕದು. ದೊಡ್ಡ ಕಂಪನಿಗಳು ಬಿಇ, ಬಿಸಿಎ, ಎಂಸಿಎ ಕೇಳುತ್ತವೆ. ಹತ್ತನೇ ತರಗತಿಯಿಂದ ಕೊನೆಯವರೆಗೂ ಶೇ. 60 ಇರಬೇಕು ಎಂಬ ಷರತ್ತು ಹಲವು ಕಡೆ. ಆ ಜರಡಿಯಲ್ಲಿ ನಾನು ನಿಲ್ಲುವುದಿಲ್ಲ, ಹಾಗಾಗಿ ಅಲ್ಲಿ ಸಮಯ ಕಳೆಯಲಿಲ್ಲ. ಬದಲು, ಕಾರ್ಖಾನೆಗಳಿಗೆ ಉತ್ಪಾದನೆ ಮತ್ತು ದಾಸ್ತಾನಿನ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಗಳ ಪಟ್ಟಿ ಮಾಡಿದೆ. ಅವುಗಳಲ್ಲಿ ಒಂದರ ಹೆಸರು ನಮ್ಮ ಶಾಪ್‌ನ ಕಂಪ್ಯೂಟರಿನ ಪರದೆಯ ಮೇಲೇ ಇತ್ತು.

ಸಂದರ್ಶನದಲ್ಲಿ ಅಲ್ಗಾರಿದಂ ಪ್ರಶ್ನೆ ಬಂತು, ಅರ್ಧ ಉತ್ತರಿಸಿದೆ. ನಂತರ ಹಿರಿಯ ಡೆವಲಪರ್ ಒಬ್ಬರು ನನ್ನ ಪ್ರಾಜೆಕ್ಟ್ ತೆರೆದು, “ಈ ಪಾಳಿ ದಿನ ಎನ್ನುವ ಕಾಲಂ ಯಾಕೆ?” ಎಂದರು. ವಿವರಿಸಿದೆ. ಅವರು ಪಕ್ಕದವರತ್ತ ತಿರುಗಿ, “ಇದೇ ಸಾರ್, ಆ ಗ್ರಾಹಕರು ಹೋದ ತಿಂಗಳಿಂದ ಬೈಯುತ್ತಿರುವುದು” ಎಂದರು. ಉಳಿದ ಸಂದರ್ಶನ ಹೆಚ್ಚುಕಡಿಮೆ ಪೀಣ್ಯದ ಬಗ್ಗೆಯೇ ನಡೆಯಿತು.

ಕೆಲಸ ಸಿಕ್ಕಿತು, ಆದರೆ ಆರಂಭದ ಸಂಬಳ ಹಳೆಯದಕ್ಕಿಂತ ಏನೂ ಹೆಚ್ಚಿರಲಿಲ್ಲ. ಇದನ್ನು ಯಾರೂ ಜಾಹೀರಾತಿನಲ್ಲಿ ಹಾಕುವುದಿಲ್ಲ. ಹೊಸ ಕೋಡ್ ಬರೆಯುವ ಅವಕಾಶವೂ ಬೇಗ ಬರಲಿಲ್ಲ. ಮೊದಲ ತಿಂಗಳುಗಳೆಲ್ಲ ಬೇರೆಯವರು ವರ್ಷಗಳ ಹಿಂದೆ ಬರೆದು ಬಿಟ್ಟುಹೋದ ಕೋಡ್ ಓದಿ, ದೋಷ ಹುಡುಕುವುದೇ ಆಯಿತು. ಕೋರ್ಸ್‌ನಲ್ಲಿ ಎಲ್ಲವನ್ನೂ ಖಾಲಿ ಫೈಲಿನಿಂದ ಶುರುಮಾಡಿಸುತ್ತಾರೆ. ಕಚೇರಿಯಲ್ಲಿ ಖಾಲಿ ಫೈಲ್ ಸಿಗುವುದು ಅಪರೂಪ. ಇದಕ್ಕೆ ನಾನು ಹೆದರಲಿಲ್ಲ. 24.98ರಿಂದ 25.02 ಮಿ.ಮೀ.ವರೆಗೆ ಒಪ್ಪುವ ಶಾಫ್ಟ್ ಅನ್ನು ಆ ಎರಡೂ ಅಂಚುಗಳಲ್ಲಿ ಅನುಮಾನದಿಂದ ನೋಡಿ ಅಭ್ಯಾಸವಾದ ಕಣ್ಣು, ಪ್ರೋಗ್ರಾಂನಲ್ಲೂ ಮೊದಲು ಅಂಚುಗಳನ್ನೇ ನೋಡುತ್ತದೆ: ಸೊನ್ನೆ ಬಂದರೆ ಏನು, ಪಟ್ಟಿ ಖಾಲಿಯಿದ್ದರೆ ಏನು, ಮಿತಿಯ ಮೇಲೆಯೇ ಸರಿಯಾಗಿ ಬಿದ್ದರೆ ಏನು.

ಈಗ ಶಾಪ್‌ನಿಂದ ಯಾರಾದರೂ ಫೋನ್ ಮಾಡಿ ಯಾವ ಕೋರ್ಸ್ ಸೇರಲಿ ಎಂದರೆ, ನಿಮ್ಮಲ್ಲಿ ಯಾವ ರಿಜಿಸ್ಟರ್ ಬಗ್ಗೆ ದಿನಾ ಜಗಳ ಎಂದು ಕೇಳುತ್ತೇನೆ. ಟೂಲ್ ಸ್ಟೋರ್‌ನ ಹುಡುಗನೊಬ್ಬ, “ಡ್ರಿಲ್ ಬಿಟ್ ಯಾರು ಒಯ್ದರು, ಯಾವಾಗ ಮರಳಿಸಿದರು ಎನ್ನುವುದೇ ಅಣ್ಣ” ಎಂದ. ಅವನು ಇನ್ನೂ ಯಾವ ಕೇಂದ್ರಕ್ಕೂ ಹಣ ಕಟ್ಟಿಲ್ಲ. ಸದ್ಯಕ್ಕೆ ಎಸ್‌ಕ್ಯೂಎಲ್‌ನಲ್ಲಿ ಮೂರು ಟೇಬಲ್ ಮಾಡಿಕೊಂಡು, ಒಂದೇ ಬಿಟ್ ಅನ್ನು ಇಬ್ಬರ ಹೆಸರಿಗೆ ಒಟ್ಟಿಗೆ ಬರೆಯದಂತೆ ತಡೆಯುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದಾನೆ.