ಬಾಲಂಗೋಚಿಯ ವೆಬ್ ವಿಳಾಸವನ್ನು ಚೊಕ್ಕ ಮಾಡುವುದು ಹೇಗೆ?

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ಪ್ರಕಟಿಸುವ ಜಾಲತಾಣವನ್ನು ನೀವು ಕಟ್ಟಿದ್ದೀರಿ ಎಂದುಕೊಳ್ಳಿ. ಹಾನಗಲ್ಲಿನ ರೈತರೊಬ್ಬರು ಡಬ್ಬಿ ತಳಿಯ ದರ ನೋಡಿ, ಆ ಕೊಂಡಿಯನ್ನು ಕುಂದಗೋಳದ ಅಳಿಯನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಅದರಲ್ಲಿ ಇಂಡೆಕ್ಸ್ ಡಾಟ್ ಪಿಎಚ್‌ಪಿ, ಪ್ರಶ್ನಾರ್ಥಕ ಚಿಹ್ನೆ, ಕೊನೆಗೆ ಐಡಿ 4172 ಎಂದಿದ್ದರೆ ಯಾವ ತಳಿ, ಯಾವ ದಿನ ಎಂಬುದು ತೆರೆಯುವವರೆಗೂ ತಿಳಿಯದು. ‘ದರ/ಡಬ್ಬಿ/2025-01-20’ ಎಂದಿದ್ದರೆ ವಿಳಾಸವೇ ಅರ್ಧ ಸುದ್ದಿ ಹೇಳಿಬಿಡುತ್ತದೆ. ಪಿಎಚ್‌ಪಿ ಭಾಷೆಯಲ್ಲಿ ಜಾಲತಾಣ ಕಟ್ಟಲು ಸಿಗುವ ಸಿದ್ಧ ಚೌಕಟ್ಟಾದ ‘ಯೀ 2’ ಫ್ರೇಮ್‌ವರ್ಕ್‌ನಲ್ಲಿ ಇದನ್ನು ಮಾಡುವ ಬಗೆ ಇಲ್ಲಿದೆ. ಇಲ್ಲಿ ಕನ್ನಡದಲ್ಲಿ ಕೊಟ್ಟ ಆಯ್ಕೆಗಳ ಹೆಸರನ್ನು ಕಡತದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ, ನಡುವೆ ಜಾಗ ಬಿಡದೆ ಬರೆಯಬೇಕು.

ಮೊದಲು ಕಾಗದದ ಮೇಲೆ ವಿಳಾಸಗಳನ್ನು ಬರೆದುಕೊಳ್ಳಿ. ಎಲ್ಲ ತಳಿಗಳಿಗೆ ‘ದರ’, ವಾರದ ನೋಟಕ್ಕೆ ‘ದರ/ವಾರ’, ಒಂದು ತಳಿಗೆ ‘ದರ/ಕಡ್ಡಿ’, ಒಂದು ದಿನಕ್ಕೆ ತಳಿಯ ಮುಂದೆ ದಿನಾಂಕ. ಕನ್ನಡ ಲಿಪಿಯಲ್ಲೇ ಇಡುವ ಆಸೆ ಸಹಜ. ಆದರೆ ಕೊಂಡಿಯನ್ನು ನಕಲು ಮಾಡಿ ಅಂಟಿಸಿದಾಗ ಅದು ಬಹಳ ಸಲ ಶೇಕಡಾ ಚಿಹ್ನೆಗಳ ಸಾಲಾಗುತ್ತದೆ. ‘ಡಬ್ಬಿ’ ಎಂಬ ಪುಟ್ಟ ಪದಕ್ಕೇ 45 ಅಕ್ಷರ ಬೇಕಾಗುತ್ತದೆ. ಆದ್ದರಿಂದ ವಿಳಾಸ ರೋಮನ್ ಲಿಪಿಯಲ್ಲಿರಲಿ, ಪುಟದ ಶೀರ್ಷಿಕೆ ಕನ್ನಡದಲ್ಲಿರಲಿ ಎಂಬುದು ನನ್ನ ಸಲಹೆ. ಪ್ರತಿ ತಳಿಗೂ ಒಂದೇ ಕಾಗುಣಿತವನ್ನು ಆರಿಸಿ, ಮತ್ತೆ ಬದಲಿಸಬೇಡಿ.

ಇನ್ನು ಸರ್ವರ್. ಉಬುಂಟುವಿನ ಅಪಾಚೆ 2.4 ಸರ್ವರ್ ತಂತ್ರಾಂಶದಲ್ಲಿ, ಬಂದ ವಿಳಾಸವನ್ನು ಒಳಗೊಳಗೇ ಬದಲಿಸುವ ರಿರೈಟ್ ಮಾಡ್ಯೂಲ್ ಸಕ್ರಿಯಗೊಳಿಸಿ, ನಿಮ್ಮ ತಾಣದ ಫೋಲ್ಡರ್‌ಗೆ ‘ಅಲೋ ಓವರ್‌ರೈಡ್’ ಆಯ್ಕೆ ಬರೆದು, ಜಾಗ ಬಿಟ್ಟು ‘ಆಲ್’ ಎಂದು ಕೊಟ್ಟು ಅಪಾಚೆಯನ್ನು ಮರುಚಾಲನೆ ಮಾಡಿ. ಈ ಆಯ್ಕೆ ಮೂಲತಃ ‘ನನ್’ ಆಗಿರುವುದರಿಂದ, ಬದಲಿಸದಿದ್ದರೆ ಫೋಲ್ಡರ್‌ಗೆ ಸಂಬಂಧಿಸಿದ ಸೂಚನೆಗಳಿರುವ ನಿಮ್ಮ ಎಚ್‌ಟಿ ಆ್ಯಕ್ಸೆಸ್ ಕಡತವನ್ನು (ಹೆಸರಿನ ಮೊದಲಲ್ಲೇ ಚುಕ್ಕೆ ಇರುತ್ತದೆ) ಅಪಾಚೆ ಓದುವುದೇ ಇಲ್ಲ. ಆ ಕಡತವನ್ನು ‘ವೆಬ್’ ಫೋಲ್ಡರ್‌ನಲ್ಲಿ, ಇಂಡೆಕ್ಸ್ ಡಾಟ್ ಪಿಎಚ್‌ಪಿಯ ಪಕ್ಕದಲ್ಲೇ ಇಡಿ. ಅದರಲ್ಲಿ ನಾಲ್ಕೇ ಸಾಲು: ರಿರೈಟ್ ಎಂಜಿನ್ ಆನ್ ಮಾಡುವುದು, ಕೇಳಿದ ಹೆಸರಿನ ಕಡತ ಇಲ್ಲ, ಫೋಲ್ಡರ್ ಇಲ್ಲ ಎಂಬ ಎರಡು ಷರತ್ತು, ಉಳಿದ ಕೋರಿಕೆಯನ್ನೆಲ್ಲ ಇಂಡೆಕ್ಸ್ ಡಾಟ್ ಪಿಎಚ್‌ಪಿಗೆ ಒಪ್ಪಿಸುವ ನಿಯಮ. ಷರತ್ತುಗಳನ್ನು ಬಿಟ್ಟರೆ ಚಿತ್ರಗಳೂ ಸಿಎಸ್‌ಎಸ್ ಕಡತಗಳೂ ಫ್ರೇಮ್‌ವರ್ಕ್‌ನ ಪಾಲಾಗುತ್ತವೆ. ಅಪಾಚೆಯ ಬದಲು ಎಂಜಿನ್‌ಎಕ್ಸ್ ಸರ್ವರ್ ಬಳಸುವವರಿಗೆ ಈ ಕಡತವಿಲ್ಲ, ಅಲ್ಲಿ ‘ಟ್ರೈ ಫೈಲ್ಸ್’ (ಎರಡು ಪದಗಳ ನಡುವೆ ಅಡಿಗೆರೆ) ಸಾಲು ಸಾಕು.

ಈಗ ‘ಕಾನ್ಫಿಗ್’ ಫೋಲ್ಡರ್‌ನ ವೆಬ್ ಡಾಟ್ ಪಿಎಚ್‌ಪಿ ತೆರೆಯಿರಿ. ಯೀ ಕೊಡುವ ‘ಬೇಸಿಕ್’ ಎಂಬ ಸಿದ್ಧ ಮಾದರಿಯಲ್ಲಿ ‘ಯುಆರ್‌ಎಲ್ ಮ್ಯಾನೇಜರ್’ ಭಾಗ ಕಾಮೆಂಟ್ ರೂಪದಲ್ಲಿ ಮೊದಲೇ ಇರುತ್ತದೆ. ಕಾಮೆಂಟ್ ಗುರುತು ತೆಗೆದರಾಯಿತು. ‘ಎನೇಬಲ್ ಪ್ರೆಟಿ ಯುಆರ್‌ಎಲ್’ ಟ್ರೂ ಇರಬೇಕು, ‘ಶೋ ಸ್ಕ್ರಿಪ್ಟ್ ನೇಮ್’ ಫಾಲ್ಸ್ ಇರಬೇಕು.

ನಿಜವಾದ ಕೆಲಸವಿರುವುದು ‘ರೂಲ್ಸ್’ ಪಟ್ಟಿಯಲ್ಲಿ. ಯೀ ಈ ನಿಯಮಗಳನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬಂದು, ಮೊದಲು ಹೊಂದಿದ ನಿಯಮಕ್ಕೇ ನಿಂತುಬಿಡುತ್ತದೆ. ಯಾವ ಪದ ಬಂದರೂ ತಳಿ ಎಂದು ತಿಳಿಯುವ ನಿಯಮ ಮೇಲಿದ್ದು ‘ದರ/ವಾರ’ ಕೆಳಗಿದ್ದರೆ, ‘ವಾರ’ ಎಂಬ ತಳಿಯನ್ನು ಡೇಟಾಬೇಸ್‌ನಲ್ಲಿ ಹುಡುಕಿ, ಸಿಗದೆ, ‘ಪುಟ ಸಿಗಲಿಲ್ಲ’ ಎಂಬ 404 ದೋಷ ತೋರಿಸುತ್ತದೆ. ನಿರ್ದಿಷ್ಟವಾದದ್ದು ಮೇಲೆ, ಸಡಿಲವಾದದ್ದು ಕೆಳಗೆ ಇರಲಿ. ಇನ್ನೂ ಒಳ್ಳೆಯದೆಂದರೆ, ತಳಿಯ ಜಾಗದಲ್ಲಿ ಡಬ್ಬಿ, ಕಡ್ಡಿ, ಗುಂಟೂರು ಈ ಮೂರನ್ನು ಮಾತ್ರ ಒಪ್ಪುವಂತೆ ಬರೆಯಿರಿ. ದಿನಾಂಕಕ್ಕೆ ನಾಲ್ಕು, ಎರಡು, ಎರಡು ಅಂಕಿಗಳ ಮಾದರಿ ಕೊಡಿ. ಆದರೆ ಮಾದರಿ ನೋಡುವುದು ಅಂಕಿಗಳ ಆಕಾರವನ್ನಷ್ಟೇ. ಹದಿಮೂರನೇ ತಿಂಗಳನ್ನೂ ಅದು ಒಳಗೆ ಬಿಡುತ್ತದೆ. ಆ ತಪಾಸಣೆ, ಕೋರಿಕೆಯನ್ನು ನಿಭಾಯಿಸುವ ಕೋಡ್ ಆದ ಕಂಟ್ರೋಲರ್‌ನಲ್ಲಿ ಆಗಬೇಕು. ನಿಯಮದಲ್ಲಿ ಕೊಟ್ಟ ಹೆಸರೇ ಆ್ಯಕ್ಷನ್‌ನ (ಕಂಟ್ರೋಲರ್‌ನೊಳಗೆ ಒಂದು ಪುಟಕ್ಕಿರುವ ಫಂಕ್ಷನ್) ಪ್ಯಾರಾಮೀಟರ್‌ಗೂ, ಅಂದರೆ ಅದು ಪಡೆಯುವ ಮಾಹಿತಿಗೂ ಇರಬೇಕು, ಇಲ್ಲದಿದ್ದರೆ ‘ಕೋರಿಕೆ ಸರಿಯಿಲ್ಲ’ ಎಂಬ 400 ದೋಷ ಬರುತ್ತದೆ.

ಪುಟಗಳೊಳಗಿನ ಕೊಂಡಿಗಳನ್ನು ಕೈಯಿಂದ ಬರೆಯಬೇಡಿ. ರೂಟ್ (ಯಾವ ಕಂಟ್ರೋಲರ್, ಯಾವ ಆ್ಯಕ್ಷನ್ ಎಂಬ ಸೂಚನೆ) ಮತ್ತು ಪ್ಯಾರಾಮೀಟರ್ ಕೊಟ್ಟರೆ ಯೀಯ ‘ಯುಆರ್‌ಎಲ್ ಟು’ ಫಂಕ್ಷನ್ ಅದೇ ನಿಯಮಗಳಿಂದ ವಿಳಾಸ ಕಟ್ಟಿಕೊಡುತ್ತದೆ. ಹಾಗೆ ಕಟ್ಟಿದ ಕೊಂಡಿಯಲ್ಲಿ ಇನ್ನೂ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಯಾವುದೋ ಪ್ಯಾರಾಮೀಟರ್ ನಿಯಮಕ್ಕೆ ಹೊಂದಿಲ್ಲ ಎಂದರ್ಥ.

ಮುಖಪುಟ ತೆರೆದು ಉಳಿದವು 404 ಆದರೆ, ಆ ದೋಷದ ಪುಟವನ್ನೇ ಗಮನಿಸಿ. ಅಪಾಚೆಯ ಬರಿಯ ಬಿಳಿ ಪುಟವಾದರೆ ತಪ್ಪು ಸರ್ವರ್‌ನಲ್ಲಿದೆ. ನಿಮ್ಮ ತಾಣದ ತಲೆಪಟ್ಟಿ ಇರುವ ಪುಟವಾದರೆ ಬಹುತೇಕ ನಿಯಮಗಳಲ್ಲಿದೆ.

ಬಹಳ ಮಂದಿ ಇಲ್ಲಿಗೇ ಕೆಲಸ ಮುಗಿಸಿಬಿಡುತ್ತಾರೆ. ರೈತರ ಮೊಬೈಲ್‌ಗಳಲ್ಲಿ ಉಳಿದಿರುವ ಹಳೆಯ ಕೊಂಡಿಗಳ ಗತಿ ಏನು? ಚೊಕ್ಕ ವಿಳಾಸ ಜಾರಿಯಾದ ಮೇಲೆ ಯೀ ಹಳೆಯ ಕೊಂಡಿಯಲ್ಲಿ ರೂಟ್ ಹೊತ್ತ ‘ಆರ್’ ಪ್ಯಾರಾಮೀಟರ್ ಅನ್ನು ಲೆಕ್ಕಿಸದೆ, ದೋಷವನ್ನೂ ತೋರಿಸದೆ ಮುಖಪುಟವನ್ನು ಮುಂದಿಡುತ್ತದೆ. ದರ ಹುಡುಕಿ ಬಂದವರನ್ನು ಹೀಗೆ ದಾರಿ ತಪ್ಪಿಸುವುದು ಸರಿಯಲ್ಲ. ಹಳೆಯ ಕೊಂಡಿಯಲ್ಲಿ ತಳಿಯೂ ದಿನಾಂಕವೂ ಇಲ್ಲದ ಕಾರಣ ಸರ್ವರ್ ನಿಯಮವೊಂದರಿಂದಲೇ ಇದು ಬಗೆಹರಿಯದು. ಮುಖಪುಟದ ಆ್ಯಕ್ಷನ್‌ನಲ್ಲಿ ಹಳೆಯ ರೂಟ್ ಮತ್ತು ಐಡಿ ಬಂದಿವೆಯೇ ಎಂದು ನೋಡಿ, ಡೇಟಾಬೇಸ್‌ನಿಂದ ಆ ದಾಖಲೆ ತೆಗೆದು, ಹೊಸ ವಿಳಾಸಕ್ಕೆ ರೀಡೈರೆಕ್ಟ್ ಮಾಡಿ. ಯೀ ತಾನಾಗಿ ಕಳಿಸುವುದು ತಾತ್ಕಾಲಿಕ ಎಂಬ 302 ಸಂಕೇತವನ್ನು. ಪರೀಕ್ಷೆ ಮುಗಿಯುವವರೆಗೆ ಅದೇ ಇರಲಿ, ಏಕೆಂದರೆ ಶಾಶ್ವತ ಎಂಬ 301 ಅನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ, ತಪ್ಪಿದ್ದರೂ ಬಿಡದು. ಕೆಲವು ಹಳೆಯ ಕೊಂಡಿಗಳನ್ನು ಬೇರೆ ಬೇರೆ ಮೊಬೈಲ್‌ಗಳಲ್ಲಿ ತೆರೆದು, ಸರಿಯಾದ ದಿನದ ದರವೇ ಬರುತ್ತಿದೆ ಎಂದು ಖಾತ್ರಿಯಾದ ನಂತರ 301ಕ್ಕೆ ಬದಲಿಸಿ.