ಮಗುವಿನ ನಿದ್ದೆ ನೋಡಿ ಊರು ಸುತ್ತಿ: ಹುಬ್ಬಳ್ಳಿ–ಧಾರವಾಡದಲ್ಲಿ ಕ್ರಿಸ್‌ಮಸ್ ರಜೆ

ಡಿಸೆಂಬರ್ ಕೊನೆಯ ವಾರ ಗೋವಾದ ರಸ್ತೆಯಲ್ಲಿ ಕಾರಿನ ಹಿಂದೆ ಕಾರು, ಮೈಸೂರು ಅರಮನೆಯ ಮುಂದೆ ಮಂದಿಯೋ ಮಂದಿ. ಆರು ವರ್ಷದೊಳಗಿನ ಮಕ್ಕಳನ್ನು ಕಟ್ಟಿಕೊಂಡು ಆ ಗದ್ದಲಕ್ಕೆ ಹೋಗುವವರು ಕೊನೆಗೆ ನೋಡುವುದು ಹೋಟೆಲಿನ ಗೋಡೆಯನ್ನೇ. ಅವಳಿ ನಗರದಲ್ಲಿ ಅಜ್ಜನ ಮನೆಯೋ ಕಾಕಾನ ಮನೆಯೋ ಇದ್ದರೆ ನಾಲ್ಕು ದಿನಕ್ಕೆ ಇಲ್ಲಿಯೇ ಬೇಕಾದಷ್ಟಿದೆ. ಗದಗ, ಹಾವೇರಿ ಕಡೆಯಿಂದ ಬರುವವರಿಗೂ ಇದು ಹತ್ತಿರ. ಆದರೆ ದೊಡ್ಡವರ ಆಸೆಯ ಪಟ್ಟಿ ಹಿಡಿದು ಹೊರಟರೆ ಎರಡನೇ ದಿನವೇ ರಂಪ. ಮಗು ಎಷ್ಟು ಹೊತ್ತಿಗೆ ಉಣ್ಣುತ್ತದೆ, ಎಷ್ಟು ಹೊತ್ತಿಗೆ ಮಲಗುತ್ತದೆ ಎನ್ನುವುದನ್ನು ಮೊದಲು ಬರೆದುಕೊಂಡು, ಉಳಿದ ಹೊತ್ತಿನಲ್ಲಿ ಊರನ್ನು ಕೂಡಿಸಿಕೊಳ್ಳಬೇಕು.

ಮೊದಲು ರಜೆಯ ಲೆಕ್ಕ

ಕ್ರಿಸ್‌ಮಸ್ ರಜೆ ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ರಾಜ್ಯ ಪಠ್ಯಕ್ರಮದ ಹೆಚ್ಚಿನ ಶಾಲೆಗಳಲ್ಲಿ ಡಿಸೆಂಬರ್ 25 ಒಂದೇ ದಿನ ಬಿಡುವು. ಕ್ರೈಸ್ತ ಆಡಳಿತದ ಶಾಲೆಗಳು ದಸರಾ ರಜೆಯಲ್ಲಿ ಒಂದಿಷ್ಟು ಕತ್ತರಿಸಿ ಈಗ ಕೊಡುತ್ತವೆ. ಸಿಬಿಎಸ್‌ಇ ಶಾಲೆಗಳದ್ದು ಶಾಲೆಗೊಂದು ಲೆಕ್ಕ. ಬೆಂಗಳೂರಿನಿಂದ ಬರುವ ಮೊಮ್ಮಗನಿಗೆ ವಾರದ ರಜೆ, ಇಲ್ಲಿಯ ಮೊಮ್ಮಗಳಿಗೆ ಒಂದೇ ದಿನ. ಜಗಳ ಹುಟ್ಟುವುದು ಇಲ್ಲಿಂದಲೇ. ಎರಡೂ ಮನೆಯ ಶಾಲಾ ಡೈರಿ ಎದುರಿಗಿಟ್ಟುಕೊಂಡು, ಎಲ್ಲ ಮಕ್ಕಳೂ ಮನೆಯಲ್ಲಿರುವ ದಿನಗಳಿಗೆ ದೊಡ್ಡ ತಿರುಗಾಟ ಇಡಿ. ಉಳಿದ ದಿನ ಸಂಜೆಯದು ಮಾತ್ರ.

ರೈಲಿನಲ್ಲಿ ಬರುವವರಿಗೆ ಮುಂಗಡ ಬುಕಿಂಗ್ ಈಗ 60 ದಿನ ಮೊದಲು, ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಅಂದರೆ ಡಿಸೆಂಬರ್ 24ರ ಗಾಡಿಗೆ ಅಕ್ಟೋಬರ್ 25ರಂದು. ಮೊದಲ ಅವಕಾಶ ಆಧಾರ್ ದೃಢೀಕರಿಸಿದ ಐಆರ್‌ಸಿಟಿಸಿ ಖಾತೆಗೆ. ಖಾತೆಯ ಆ ಕೆಲಸ ಬುಕಿಂಗ್ ತೆರೆಯುವ ದಿನಕ್ಕೆ ಮೊದಲೇ ಮುಗಿಸಿಡಿ. ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಬರ್ತೂ ಇಲ್ಲ. ಐದು ತುಂಬಿ ಹನ್ನೆರಡು ಆಗುವವರೆಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ. ರಾತ್ರಿ ಗಾಡಿಯಲ್ಲಿ ಅರ್ಧ ಟಿಕೆಟ್ ಉಳಿತಾಯದಂತೆ ಕಾಣುತ್ತದೆ. ಆರು ವರ್ಷದ ಹುಡುಗನ ಜೊತೆ ಒಂದೇ ಬರ್ತಿನಲ್ಲಿ ಮಲಗಿ ಬಂದ ತಾಯಿಯ ಮರುದಿನ ಮಾತ್ರ ಹಾಳು. ಪೂರ್ತಿ ದರ ಕೊಡುವುದೇ ಲೇಸು. ತತ್ಕಾಲ್ ನೆಚ್ಚಿಕೊಂಡರೆ ಸೀಟು ಚದುರಿ, ಅಪ್ಪ ಒಂದು ಬೋಗಿ, ಮಗು ಒಂದು ಬೋಗಿ ಆಗುವುದುಂಟು.

ಲಾಡ್ಜ್ ಬೇಕಾದವರು ವಿದ್ಯಾನಗರದಂತೆ, ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ದಾರಿಗೆ ಹತ್ತಿರ ಇರುವುದನ್ನು ನೋಡಿ. ಧನುರ್ಮಾಸದಲ್ಲಿ ಮದುವೆಗಳು ನಿಲ್ಲುವುದರಿಂದ ಕೋಣೆ ಸಿಗುವುದು ವೈಶಾಖದಷ್ಟು ಕಷ್ಟವಲ್ಲ. ಕೋಣೆ ಹಿಡಿಯುವಾಗ ಕೇಳಬೇಕಾದ ಪ್ರಶ್ನೆ ಎರಡೇ: ಬಿಸಿನೀರು ಎಷ್ಟರಿಂದ ಎಷ್ಟರವರೆಗೆ? ರಾತ್ರಿ ಹತ್ತರ ಮೇಲೆ ಹಾಲು ಬಿಸಿ ಮಾಡಿ ಕೊಡುತ್ತಾರೆಯೇ?

ಹತ್ತು ದಿನ ಮೊದಲು ಗೋಧಿ ಹಾಕಿ

ಮಕ್ಕಳಿಗೆ ಹಬ್ಬ ಬರುತ್ತಿದೆ ಎಂದು ಗೊತ್ತಾಗುವುದು ಕೈಗೆ ಕೆಲಸ ಸಿಕ್ಕಾಗ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ ಕನ್ನಡ ಕ್ರೈಸ್ತರು ಗೋದಲಿ ಎನ್ನುತ್ತಾರೆ. ಅದರ ಸುತ್ತ ಹಸಿರು ಹುಲ್ಲು ಬೇಕು. ನವರಾತ್ರಿಯಲ್ಲಿ ಘಟ ಹಾಕುವುದು ಗೊತ್ತಿದ್ದವರಿಗೆ ಇದು ಹೊಸದೇನಲ್ಲ.

ಒಂದು ಮುಷ್ಟಿ ಗೋಧಿಯನ್ನು ರಾತ್ರಿಯೆಲ್ಲ ನೆನೆಸಿ. ತಳಕ್ಕೆ ಮೂರ್ನಾಲ್ಕು ತೂತು ಹೊಡೆದ ಅಗಲ ಡಬ್ಬಿಯಲ್ಲಿ ಎರಡು ಇಂಚು ಮಣ್ಣು ಹರಡಿ, ಕಾಳು ಒಂದಕ್ಕೊಂದು ತಾಗುವಂತೆ ಚೆಲ್ಲಿ, ಮೇಲೆ ಬೆರಳಗಲಕ್ಕಿಂತ ಕಡಿಮೆ ಮಣ್ಣು ಉದುರಿಸಿ. ಎರಡು ದಿನ ಒದ್ದೆ ಬಟ್ಟೆ ಮುಚ್ಚಿ, ಮೊಳಕೆ ತಲೆ ಎತ್ತಿದ ಮೇಲೆ ಕಿಟಕಿಯ ಬೆಳಕಿಗಿಡಿ. ದಿನಕ್ಕೆರಡು ಸಲ ಕೈಯಿಂದ ಚಿಮುಕಿಸಿದಷ್ಟೇ ನೀರು. ಕೆಡುವುದು ಎರಡು ಕಾರಣಕ್ಕೆ: ಮಕ್ಕಳು ಚಂಬಿನಿಂದ ನೀರು ಸುರಿದರೆ ಕಾಳು ಬೂಸ್ಟು ಹಿಡಿದು ನಾರುತ್ತದೆ. ತಿಂಗಳ ಮೊದಲ ವಾರವೇ ಹಾಕಿಬಿಟ್ಟರೆ ಹಬ್ಬದ ಹೊತ್ತಿಗೆ ಹುಲ್ಲು ಹಳದಿಯಾಗಿ ಮಲಗಿರುತ್ತದೆ. ಡಿಸೆಂಬರ್ 14, 15ರ ಸುಮಾರು ಸರಿಯಾದ ಹೊತ್ತು. ಕಾಗದದ ನಕ್ಷತ್ರದೊಳಗೆ ಹಳೆಯ 40 ವ್ಯಾಟಿನ ಬಲ್ಬು ಬೇಡ. ಕಾಗದ ಕಾದು ಸುಟ್ಟೀತು. ಐದೋ ಏಳೋ ವ್ಯಾಟಿನ ಎಲ್‌ಇಡಿ ಹಾಕಿ, ವೈರಿನ ಜೋಡಣೆಗೆ ಟೇಪು ಸುತ್ತಿ, ಮಗುವಿನ ಕೈಗೆ ಎಟುಕದಂತೆ ತೂಗುಹಾಕಿ.

ದಿನದ ಚೌಕಟ್ಟು

ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ ಒಂದು ದೊಡ್ಡ ಜಾಗ. ಹನ್ನೆರಡೂವರೆಯೊಳಗೆ ಊಟ. ಒಂದರಿಂದ ಮೂರೂವರೆವರೆಗೆ ಮನೆ, ನಿದ್ದೆ. ನಾಲ್ಕೂವರೆಯಿಂದ ಒಂದು ಸಣ್ಣ ಜಾಗ. ಈ ತಿಂಗಳಲ್ಲಿ ಆರು ಗಂಟೆ ದಾಟುತ್ತಲೇ ಕತ್ತಲಾಗುತ್ತದೆ, ಹಿಂದೆಯೇ ಥಂಡಿ ಗಾಳಿ. ಬೆಳಗಿನ ಚಳಿಗೂ ನಡುಹಗಲ ಬಿಸಿಲಿಗೂ ಹತ್ತು–ಹದಿನೈದು ಡಿಗ್ರಿ ವ್ಯತ್ಯಾಸ. ದಪ್ಪ ಸ್ವೆಟರ್ ಒಂದರ ಬದಲು ತೆಳುವಾದ ಎರಡು ಅಂಗಿ, ಒಂದು ಕಿವಿ ಮುಚ್ಚುವ ಟೊಪ್ಪಿಗೆ ಇದ್ದರೆ ಹೊತ್ತಿಗೆ ತಕ್ಕಂತೆ ಬಿಚ್ಚಬಹುದು. ಬೆವತ ಮೈಗೆ ಸಂಜೆ ಗಾಳಿ ತಾಗಿದರೆ ಮರುದಿನ ಮಗು ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಅಜ್ಜಿಯರು ಗದರುವುದನ್ನು ಸುಮ್ಮನೆ ಕೇಳಿಕೊಳ್ಳಿ.

ಮೊದಲ ದಿನಕ್ಕೆ ರೈಲ್ವೆ ವಸ್ತುಸಂಗ್ರಹಾಲಯ ಚಲೋ. ಹುಬ್ಬಳ್ಳಿ ನಿಲ್ದಾಣದ ಗದಗ ರಸ್ತೆ ಬದಿಗೆ 2020ರಲ್ಲಿ ತೆರೆದದ್ದು. ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಕಟ್ಟಡಗಳಲ್ಲಿ ಹಳೆಯ ಸಾಮಾನು, ಹೊರಗೆ ಎಂಜಿನ್ನು, ಬೋಗಿ. ಮೂರು ವರ್ಷದ ಮಗುವಿಗೆ ಒಳಗಿನ ಗಾಜಿನ ಪೆಟ್ಟಿಗೆಗಳಲ್ಲಿ ಆಸಕ್ತಿ ಇರುವುದಿಲ್ಲ. ಅದಕ್ಕೆ ಬೇಕಾದದ್ದು ಹೊರಗಿನ ಎಂಜಿನ್ನು, ಪುಟಾಣಿ ರೈಲು. ಆದ್ದರಿಂದ ದೊಡ್ಡವರಲ್ಲಿ ಒಬ್ಬರು ಹೊರಗೆ, ಒಬ್ಬರು ಒಳಗೆ, ಆಮೇಲೆ ಅದಲುಬದಲು. ಇಂಥ ಜಾಗ ಎಲ್ಲವೂ ಬೆಳಿಗ್ಗೆಯೇ ತೆರೆಯುವುದಿಲ್ಲ. ಹಲವಕ್ಕೆ ಸೋಮವಾರ ರಜೆ. ಹಿಂದಿನ ದಿನ ಫೋನ್ ಮಾಡಿ ಸಮಯವನ್ನೂ ಪುಟಾಣಿ ರೈಲು ಓಡುತ್ತದೆಯೋ ಇಲ್ಲವೋ ಎಂಬುದನ್ನೂ ಕೇಳಿ. ಮಧ್ಯಾಹ್ನದ ಮೇಲೆ ತೆರೆಯುವುದಾದರೆ ಅದನ್ನು ಸಂಜೆಗೆ ತಳ್ಳಿ, ಬೆಳಿಗ್ಗೆ ನೃಪತುಂಗ ಬೆಟ್ಟ. ರೈಲಿನ ಆಸೆ ಹಚ್ಚಿ, ಹೋದ ಮೇಲೆ ಅದು ನಿಂತಿದ್ದರೆ ಸಮಾಧಾನ ಮಾಡುವುದು ಯಾರಿಂದಲೂ ಸಾಧ್ಯವಿಲ್ಲ.

ಸಂಜೆಗೆ ಉಣಕಲ್ ಕೆರೆಯ ದಂಡೆ ಅಥವಾ ಇಂದಿರಾ ಗಾಜಿನ ಮನೆಯ ಉದ್ಯಾನ, ಎರಡರಲ್ಲಿ ಒಂದು. ಉಣಕಲ್ಲಿನಲ್ಲಿ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿಯೂ ಇದೆ. ನಾಲ್ಕು ದಿಕ್ಕಿಗೂ ಬಾಗಿಲಿರುವ ಗುಡಿ ಮಕ್ಕಳಿಗೆ ಕಣ್ಣಾಮುಚ್ಚಾಲೆಯ ಮನೆಯಂತೆ ಕಂಡರೆ ತಪ್ಪೇನಿಲ್ಲ.

ಎರಡನೇ ದಿನ ಧಾರವಾಡ. ಇಲ್ಲಿ ಬಸ್ಸೇ ಅರ್ಧ ಮಜಾ. ಚಿಗರಿ ಎಸಿ ಬಸ್ಸು, ತನ್ನದೇ ದಾರಿ, ಸುಮಾರು 22 ಕಿಲೋಮೀಟರ್. ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವುದು ಬೇರೆ, ಕೆಲವೇ ಕಡೆ ನಿಂತು ಓಡುವುದು ಬೇರೆ. ಬೋರ್ಡು ಓದಿ ಹತ್ತದಿದ್ದರೆ ಇಳಿಯುವ ನಿಲ್ದಾಣ ಕಣ್ಣೆದುರೇ ಹಿಂದೆ ಹೋಗುತ್ತದೆ. ಎಸಿ ಬಸ್ಸಾದ್ದರಿಂದ ಹೆಂಗಸರ ಶಕ್ತಿ ಟಿಕೆಟ್ ಇಲ್ಲಿ ನಡೆಯುವುದಿಲ್ಲ. ಟಿಕೆಟ್ ಚೀಟಿಯನ್ನು ಗೇಟಿನಲ್ಲಿ ತೋರಿಸಬೇಕು, ಮಗು ಬಾಯಿಗಿಟ್ಟುಕೊಳ್ಳದಂತೆ ನೋಡಿಕೊಳ್ಳಿ. ನಿಜವಾದ ಅಪಾಯ ಬಸ್ಸಿನ ಹೊರಗಿದೆ. ನಿಲ್ದಾಣ ನಡುರಸ್ತೆಯಲ್ಲಿದೆ. ದಾಟುವವರು ಕಾರು, ಬೈಕು ನೋಡುತ್ತಾರೆ, ಬಸ್ಸಿನ ದಾರಿ ಖಾಲಿ ಇದೆ ಎಂದು ಅಲ್ಲಿ ಮಗುವಿನ ಕೈ ಸಡಿಲಿಸುತ್ತಾರೆ. ಖಾಲಿ ದಾರಿಯಲ್ಲೇ ಬಸ್ಸು ಜೋರಾಗಿ ಬರುವುದು. ಮಣಿಕಟ್ಟು ಹಿಡಿದು ದಾಟಿಸಿ, ಬೆರಳಲ್ಲ. ಕಚೇರಿ, ಕಾಲೇಜಿನ ಹೊತ್ತು ಅಂದರೆ ಬೆಳಿಗ್ಗೆ ಹತ್ತರೊಳಗೆ, ಸಂಜೆ ಐದರ ಮೇಲೆ ನಿಲ್ಲಲೂ ಜಾಗವಿರುವುದಿಲ್ಲ. ಈ ದಿನ ಮಾತ್ರ ಹತ್ತಕ್ಕೆ ಹೊರಟು ನಾಲ್ಕಕ್ಕೆ ತಿರುಗಿ ಹತ್ತಿ, ನಿದ್ದೆಯನ್ನು ಧಾರವಾಡದ ನೆಂಟರ ಮನೆಯಲ್ಲಿ ಮಾಡಿಸಿ. ತಳ್ಳುಗಾಡಿ ನಮ್ಮ ಫುಟ್‌ಪಾತಿಗೆ ಒಗ್ಗುವುದಿಲ್ಲ. ಎದೆಗೆ ಕಟ್ಟುವ ಜೋಳಿಗೆಯೇ ಸರಿ.

ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಪ್ರಾದೇಶಿಕ ವಿಜ್ಞಾನ ಕೇಂದ್ರ ದೊಡ್ಡ ಜಾಗ. ಗುಂಡಿ ಒತ್ತುವುದು, ತಿರುಗಿಸುವುದು ಇರುವ ಕಡೆ ಮಕ್ಕಳು ನಿಲ್ಲುತ್ತಾರೆ. ಬೇಂದ್ರೆಯವರ ಸಾಧನಕೇರಿ ಸಣ್ಣ ಜಾಗ, ಅರ್ಧ ಗಂಟೆ ಸಾಕು. ಎರಡಕ್ಕಿಂತ ಹೆಚ್ಚು ಹಚ್ಚಬೇಡಿ.

ಮೂರನೇ ದಿನ ಊರ ಹೊರಗೆ ಹೋಗುವ ಹುಮ್ಮಸ್ಸಿದ್ದರೆ ಎರಡು ದಾರಿ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್: ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಹಳ್ಳಿ, ನಿಜದ ಅಳತೆಯ ಮನುಷ್ಯರು, ದನ, ಸಂತೆ. ನಡಿಗೆ ಬಹಳ, ನೆರಳು ಕಡಿಮೆ, ಹತ್ತಕ್ಕೆ ಒಳಗಿದ್ದು ಹನ್ನೆರಡಕ್ಕೆ ಹೊರಬೀಳಿ. ಅಥವಾ ಗದಗದ ಬಿಂಕದಕಟ್ಟಿ ಮೃಗಾಲಯ: ಸಣ್ಣದು, ಸಣ್ಣ ಕಾಲುಗಳಿಗೆ ಅದೇ ಅನುಕೂಲ. ಮಂಗಳವಾರ ರಜೆ. ಬೆಳಿಗ್ಗೆ ಬೇಗ ಹೋದರೆ ಪ್ರಾಣಿ ಓಡಾಡುತ್ತಿರುತ್ತವೆ, ಹನ್ನೆರಡಕ್ಕೆ ಹೋದರೆ ಅವೂ ಮಲಗಿರುತ್ತವೆ. ಲಕ್ಕುಂಡಿಯನ್ನೂ ಅದೇ ದಿನ ಮುಗಿಸುವ ಆಸೆ ದೊಡ್ಡವರದು, ಮತ್ತೊಮ್ಮೆ ಹೋಗಿ. ರಾಣೆಬೆನ್ನೂರಿನಲ್ಲಿ ನಿಜವಾದ ಚಿಗರಿಗಳು, ಅಂದರೆ ಕೃಷ್ಣಮೃಗಗಳು ಇವೆ, ಆದರೆ ಕಾರಿನಲ್ಲಿ ಅಷ್ಟು ದೂರ ಕೂತು ದೂರದ ಚುಕ್ಕಿಯಂಥ ಪ್ರಾಣಿ ನೋಡುವ ತಾಳ್ಮೆ ನಾಲ್ಕು ವರ್ಷಕ್ಕೆ ಬಂದಿರುವುದಿಲ್ಲ.

ಚರ್ಚಿಗೆ ಯಾವಾಗ

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಹಾಗಾಗಿ ಇಲ್ಲಿ ಕನ್ನಡದಲ್ಲೇ ಆರಾಧನೆ, ಕನ್ನಡದಲ್ಲೇ ಹಾಡು ಕೇಳಬಹುದು. ಧಾರವಾಡದ ಹೆಬಿಕ್ ಸ್ಮಾರಕ ಚರ್ಚು ಆ ಪರಂಪರೆಯದು. 24ರ ರಾತ್ರಿಯ ಪೂಜೆಗೆ ಸಣ್ಣ ಮಕ್ಕಳು ಬೇಡ, ನಿದ್ದೆಗಣ್ಣಿನಲ್ಲಿ ಅತ್ತರೆ ಪ್ರಾರ್ಥನೆಗೆ ಬಂದವರಿಗೂ ತೊಂದರೆ. 25ರ ಬೆಳಿಗ್ಗೆ ಚರ್ಚಿನ ಕುಟುಂಬಗಳದ್ದು. ನೋಡಲು ಹೋಗುವವರಿಗೆ 25ರ ಸಂಜೆ ಅಥವಾ 26 ಒಳ್ಳೆಯದು. ಗೋದಲಿಯನ್ನು ಸಾಮಾನ್ಯವಾಗಿ ಜನವರಿ 6ರ ಹಬ್ಬದವರೆಗೂ ತೆಗೆಯುವುದಿಲ್ಲ, ಅವಸರವಿಲ್ಲ. ಬಾಗಿಲಲ್ಲಿ ಚಪ್ಪಲಿಯ ಸಾಲು ಕಂಡರೆ ನೀವೂ ಬಿಡಿ. ಕ್ಯಾಥೊಲಿಕ್ ಬಲಿಪೂಜೆಯ ಹೊತ್ತಿಗೆ ಒಳಗಿದ್ದರೆ ಒಂದು ಮಾತು ನೆನಪಿಡಿ: ಪರಮಪ್ರಸಾದ ಕೊಡುವಾಗ ಎಲ್ಲರೂ ಎದ್ದರೆಂದು ಮಕ್ಕಳು ಗುಡಿಯ ಪ್ರಸಾದದಂತೆ ಕೈ ಚಾಚುತ್ತಾರೆ. ಅದು ದೀಕ್ಷೆ ಪಡೆದವರಿಗೆ ಮಾತ್ರ ಎಂದು ಮನೆಯಲ್ಲೇ ಹೇಳಿಕೊಂಡು ಹೋಗಿ. ಪರಿಚಯದವರ ಮನೆಗೆ ಹೋದರೆ ಕೇಕು, ಕರ್ಚಿಕಾಯಿ, ಚಕ್ಕಲಿ ತಟ್ಟೆ ತುಂಬ ಬರುತ್ತದೆ. ಪ್ಲಮ್ ಕೇಕಿನಲ್ಲಿ ರಮ್, ಗೋಡಂಬಿ, ಮೊಟ್ಟೆ ಇದ್ದೀತು, ಕೇಳಿಯೇ ಮಗುವಿಗೆ ಕೊಡಿ.

ಹೊಟ್ಟೆ, ಜೇಬು

ಖಾನಾವಳಿಯ ಪಲ್ಯ ಮಕ್ಕಳಿಗೆ ಖಾರ. ಬಿಸಿ ರೊಟ್ಟಿ ಹಾಲಿನಲ್ಲಿ ಮುರಿದು ಹಾಕಿದರೆ, ಇಲ್ಲವೇ ಮೊಸರನ್ನ ಕೇಳಿದರೆ ಊಟ ಮುಗಿಯಿತು. ಗಿರಮಿಟ್ಟಿಗೆ ಮಕ್ಕಳು ಕೈ ಹಾಕುವುದು ಖಂಡಿತ. ಮೆಣಸಿನಕಾಯಿ ಬಿಡಿಸಿ, ನಾಲ್ಕು ವರ್ಷದೊಳಗಿನವರಿಗೆ ಇಡೀ ಶೇಂಗಾ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇಡಿ, ಹೆಸರು ಅಂಗಿಯ ಮೇಲೆ ಕಾಣಬಾರದು. ಬೆಳಿಗ್ಗೆ ಹೊರಡುವಾಗ ಅಂದಿನ ಬಟ್ಟೆಯಲ್ಲೇ ಒಂದು ಫೋಟೊ. ಕಣ್ತಪ್ಪಿದರೆ ಮೊದಲು 112, ಆಮೇಲೆ ಹುಡುಕಾಟ. ಹುಡುಕುತ್ತ ಎಲ್ಲರೂ ಚದುರಬೇಡಿ, ಮಗು ಕೊನೆಯ ಸಲ ಕಂಡ ಜಾಗದಲ್ಲಿ ಒಬ್ಬರು ನಿಂತಿರಬೇಕು.

ಹೊರಡುವ ದಿನ

ಧಾರವಾಡ ಪೇಢೆಯನ್ನು ಕೊನೆಯ ದಿನ ಕೊಳ್ಳಿ. ಬಿಸಿಯಿರುವಾಗ ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಬೆವತು ಕೆಡುತ್ತದೆ, ರಟ್ಟಿನ ಡಬ್ಬಿಯಲ್ಲೇ ಇರಲಿ.

ಹುಬ್ಬಳ್ಳಿ ನಿಲ್ದಾಣಕ್ಕೆ ಮುಕ್ಕಾಲು ಗಂಟೆ ಮೊದಲೇ ಬನ್ನಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಇಲ್ಲಿಯ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್. 24 ಬೋಗಿಯ ಗಾಡಿ ಅದರಲ್ಲಿ ಅರ್ಧವನ್ನೂ ತುಂಬುವುದಿಲ್ಲ. ಆದ್ದರಿಂದ ಪ್ಲಾಟ್‌ಫಾರ್ಮ್ ನಂಬರ್ ಗೊತ್ತಾದರೆ ಸಾಲದು, ಗಾಡಿ ಯಾವ ತುದಿಗೆ ನಿಲ್ಲುತ್ತದೆ, ನಿಮ್ಮ ಬೋಗಿ ಎಲ್ಲಿ ಎಂದು ಕೇಳಿಕೊಂಡೇ ಆಟೊದವರಿಗೆ ಯಾವ ಬಾಗಿಲು ಹೇಳಬೇಕೆಂದು ನಿರ್ಧರಿಸಿ. ಗದಗ ರಸ್ತೆಯ ಕಡೆಯಿಂದಲೂ ಒಳಗೆ ಬರಬಹುದು. ತಪ್ಪು ತುದಿಗೆ ಇಳಿದರೆ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು, ಮುಂದೆ ಒಂದು ಕಿಲೋಮೀಟರ್ ನಡಿಗೆ. “ಅಪ್ಪಾ, ಇನ್ನ ಎಷ್ಟ ದೂರ ಐತಿ?” ಎಂಬ ಪ್ರಶ್ನೆ ದಾರಿಯುದ್ದಕ್ಕೂ.